ರಾಜೇಸಾಬನ ಹೆದೆ

ಆ ಬಿಲ್ಲು ಮುರಿದವಳು ನಾನು. ರಾಜೇಸಾಬ ಕಾಕಾ ಕಟ್ಟಿದ ಹೆದೆಗೆ ಏನೂ ಆಗಿರಲಿಲ್ಲ. ಅದು ಗಿಡ್ಡವೂ ಇರಲಿಲ್ಲ, ಅತಿ ಬಿಗಿಯೂ ಇರಲಿಲ್ಲ. ತಪ್ಪಿದವಳು ನಾನು, ತಪ್ಪನ್ನು ಅವರ ಹೆದೆಯ ಮೇಲೆ ಹಾಕಿದವಳೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಿನದನ್ನು ಹೇಳುವಾಗ ನನಗೆ ಹೆಮ್ಮೆ ಬರುತ್ತದೆ—ಬಂದೇ ಬರುತ್ತದೆ, ಅದು ನಮ್ಮ ಮನೆತನದ ರೋಗ—ಆ ಹೆಮ್ಮೆ ಕೇಳುತ್ತ ಕೇಳುತ್ತ ನೀವು ಇದನ್ನು ಮರೆಯಬಾರದು.

ಕರ್ಜಗಿಯಲ್ಲಿ ಬಸ್ಸಿಳಿದು ಹೊಳೆಯ ಕಡೆಗೆ ನಡೆದರೆ ನಮ್ಮೂರು ಸಿಗುತ್ತದೆ. ಊರಿನಲ್ಲಿ ನಮ್ಮದು ನಾಯಕರ ಮನೆ. ಹೊಲ ಅಷ್ಟಕ್ಕಷ್ಟೇ, ಬಂಗಾರವಂತೂ ಇಲ್ಲವೇ ಇಲ್ಲ. ಆದರೆ ಪಡಸಾಲೆಯ ಗೋಡೆಗೆ ಎರಡು ಗೂಟ, ಆ ಗೂಟಗಳ ಮೇಲೆ ಅಡ್ಡಲಾಗಿ ಮಲಗಿದ ಒಂದು ಬಿದಿರಿನ ಬಿಲ್ಲು—ಅದನ್ನು ನೋಡಿದವರು ನಮ್ಮನ್ನು ಬಡವರು ಎನ್ನುತ್ತಿರಲಿಲ್ಲ. ನನ್ನ ಅಜ್ಜ ಅಮಾವಾಸ್ಯೆಯ ದಿನ ಕಡಿದ ಬಿದಿರು ಅದು. ಅಮಾವಾಸ್ಯೆಗೆ ಕಡಿದದ್ದಕ್ಕೆ ಹುಳ ಹತ್ತುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಅಜ್ಜ ಅದನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಕೆತ್ತಿ, ಬೆಂಕಿಯ ಕಾವಿನಲ್ಲಿ ಬಗ್ಗಿಸಿ ಬಿಲ್ಲು ಮಾಡಿದ. ಅಪ್ಪ ಅದನ್ನು ಕೂಸಿನಂತೆ ಕಾದ. ನೆಲಕ್ಕೆ ಆನಿಸಿ ನಿಲ್ಲಿಸುವಂತಿಲ್ಲ, ಒಲೆಯ ಹತ್ತಿರ ಇಡುವಂತಿಲ್ಲ, ಹಬ್ಬ ಮುಗಿದ ಕೂಡಲೇ ಹೆದೆ ಇಳಿಸಿ ಕುಸುಬಿ ಎಣ್ಣೆ ತಿಕ್ಕಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು: ಬಾಣವಿಲ್ಲದೆ ಎಳೆದ ಹೆದೆಯನ್ನು ಬಿಡಬಾರದು. ಬಾಣ ಹೊತ್ತೊಯ್ಯಬೇಕಾದ ಬಲವೆಲ್ಲ ತಿರುಗಿ ಬಿದಿರಿಗೇ ಬಡಿಯುತ್ತದೆ. ಈ ಕಟ್ಟಳೆ ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬೇಡಿ. ಅಕ್ಷರ ಕಲಿಯುವುದಕ್ಕಿಂತ ಮೊದಲು ಕಲಿತದ್ದು ಅದನ್ನೇ.

ಒಮ್ಮೆ ಹಾವೇರಿಯಿಂದ ಬಂದ ಕಾಲೇಜು ಮಾಸ್ತರರೊಬ್ಬರು ಬಿಲ್ಲನ್ನು ತಿರುವಿ ತಿರುವಿ ನೋಡಿ, ಇಂಥದ್ದು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳಿದರು. ಅಪ್ಪ ಮೀಸೆಯಲ್ಲಿ ನಕ್ಕ. ಬೇಕಾಬಿಟ್ಟಿ ಇಟ್ಟರೆ ಒಂದು ಎತ್ತಿನ ಆಯುಷ್ಯ, ಜೋಪಾನ ಮಾಡಿದರೆ ಮನುಷ್ಯನ ಆಯುಷ್ಯ ಎಂದ. ಅದಕ್ಕೂ ಹೆಚ್ಚು ಬಾಳಿದ್ದುಂಟೇ ಎಂದು ಅವರು ಮತ್ತೆ ಕೆದಕಿದಾಗ ಅಪ್ಪ ಆಡಿದ ಮಾತು ಮಾತ್ರ ಊರಲ್ಲೆಲ್ಲ ಹಬ್ಬಿತು.

"ಬಿಲ್ಲು ತಾನಾಗಿ ಸಾಯೂದಿಲ್ರಿ, ಸರ. ಯಾರರ ಕೊಂದ್ರ ಸಾಯತೈತಿ."

ಆ ಮಾತು ಕೇಳಿ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ—ಇರಲಿ.

ಬಿಲ್ಲು ನಮ್ಮದಾದರೂ ಹೆದೆ ನಮ್ಮದಲ್ಲ. ಅದು ನದಾಫರ ಮನೆಯದು, ಎಂದರೆ ರಾಜೇಸಾಬ ಕಾಕಾನದು. ಅವರು ಹತ್ತಿ ಹಿಂಜಿ ಗಾದಿ ತುಂಬುವವರು. ಹತ್ತಿ ಹಿಂಜಲಿಕ್ಕೂ ಒಂದು ದೊಡ್ಡ ಬಿಲ್ಲು ಬೇಕು, ಅದಕ್ಕೆ ಆಡಿನ ಕರುಳಿನಿಂದ ಹೊಸೆದ ಹೆದೆ ಬೇಕು. ಆ ಹೊಸೆಯುವ ಕೈ ಸುತ್ತಲಿನ ಹಳ್ಳಿಗಳಲ್ಲಿ ಅವರೊಬ್ಬರಿಗೇ ಇತ್ತು. ಪ್ರತಿ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಹೊಸ ಹೆದೆ ತಂದು, ಅಪ್ಪನ ಎದುರಿಗೆ ಬಿಲ್ಲಿಗೇರಿಸಿ, ಬಗ್ಗಿಸಿ ನೋಡಿ, ಮತ್ತೆ ಒಂದು ತುದಿ ಇಳಿಸಿ ಹೋಗುತ್ತಿದ್ದರು. ಹೋಗುವಾಗ ಅಪ್ಪನನ್ನು ಕೆಣಕುವುದು ಬಿಡುತ್ತಿರಲಿಲ್ಲ. ನಾಯಕರ ಬಿಲ್ಲು ವರ್ಷಕ್ಕೊಮ್ಮೆ ಹಾಡುತ್ತದೆ, ನನ್ನದು ದಿನಾ ಹಾಡಿ ಹೊಟ್ಟೆಗೂ ಹಾಕುತ್ತದೆ ಎನ್ನುತ್ತಿದ್ದರು.

ಮರುದಿನ ಬನ್ನಿ ಗಿಡದ ಹತ್ತಿರ ಬಾಳೆಯ ಕಂಬ ನೆಟ್ಟು ಅಪ್ಪ ಬಾಣ ಬಿಡಬೇಕು. ಬಿಡುವ ಮೊದಲು ಅಪ್ಪ ಜನರಿಗೆ ಕೇಳಬೇಕು, ಬಿಲ್ಲು ಯಾರದು ಎಂದು. ನಾಯಕರದು ಎನ್ನುತ್ತಿತ್ತು ಊರು. ಹೆದೆ ಯಾರದು? ನದಾಫರದು. ಆಮೇಲೆಯೇ ಬಾಣ. ಇಡೀ ಊರಿನ ಬಾಯಲ್ಲಿ ತಮ್ಮ ಮನೆಯ ಹೆಸರು ಕೇಳಲು ರಾಜೇಸಾಬ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದೆಯೇ ನಿಂತಿರುತ್ತಿದ್ದರು. ಅವರಿಗೆ ವರ್ಷಕ್ಕೆ ಸಿಗುತ್ತಿದ್ದ ಮಾನ ಅದೊಂದೇ. ಅದನ್ನು ನಾನು ಕಸಿದುಕೊಂಡೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಶಿಕ್ಷಕಿಯಾಗಲು ಟಿಸಿಎಚ್ ಮುಗಿಸಿ ನೌಕರಿಯ ಆದೇಶದ ದಾರಿ ನೋಡುತ್ತ ಮನೆಯಲ್ಲಿದ್ದೆ. ಖಂಡೆ ಪೂಜೆಯ ದಿನ ಮಧ್ಯಾಹ್ನ ಅಪ್ಪ, ಅವ್ವ, ತಮ್ಮ ಎಲ್ಲರೂ ಎತ್ತು ಬಂಡಿ ತೊಳೆಯಲು ಹೊಳೆಗೆ ಹೋಗಿದ್ದರು. ಪಡಸಾಲೆ ಸಾರಿಸಿ ರಂಗೋಲಿ ಹಾಕಲು ನಾನೊಬ್ಬಳೇ ಉಳಿದಿದ್ದೆ. ಗೂಟದ ಮೇಲೆ ಬಿಲ್ಲು, ಅದಕ್ಕೆ ಬೆಳಿಗ್ಗೆಯಷ್ಟೇ ಬಂದ ಹೊಸ ಹೆದೆ ಜೋತಾಡುತ್ತಿತ್ತು. ಹೆಣ್ಣುಮಕ್ಕಳು ಅದನ್ನು ಮುಟ್ಟುವ ಪದ್ಧತಿಯಿರಲಿಲ್ಲ. ಎಣ್ಣೆ ತಿಕ್ಕುವಾಗ ಬಟ್ಟಲು ಹಿಡಿದು ನಿಲ್ಲುವುದಷ್ಟೇ ನನ್ನ ಪಾಲಿಗೆ ಬಂದದ್ದು. ನನ್ನ ತಮ್ಮನೋ—ಹೆದೆಯೇರಿಸಲು ಹೋಗಿ ಎರಡು ಸಲ ಮುಗ್ಗರಿಸಿ ಬಿದ್ದವನು—ಮುಂದೆ ಅದೇ ಬಿಲ್ಲಿಗೆ ವಾರಸುದಾರ. ನನಗೆ ಹೊಟ್ಟೆ ಉರಿಯುತ್ತಿತ್ತು. ಹೌದು, ಉರಿಯುತ್ತಿತ್ತು.

ಕೈ ತೊಳೆದುಕೊಂಡು ಬಿಲ್ಲು ಇಳಿಸಿದೆ. ತೊಡೆಗೆ ಆನಿಸಿ ಬಗ್ಗಿಸಿದೆ. ಒಂದೇ ಸಲಕ್ಕೆ ಹೆದೆ ಏರಿತು—ಅಪ್ಪನೂ ಒಮ್ಮೊಮ್ಮೆ ಎರಡನೆಯ ಸಲ ಪ್ರಯತ್ನಿಸಬೇಕಾಗುತ್ತಿದ್ದದ್ದು, ನನಗೆ ಒಂದೇ ಸಲಕ್ಕೆ. ಎಡಗೈ ನೀಟಾಗಿ ಚಾಚಿ ಎಳೆದೆ. ಎದೆಯವರೆಗೆ ಬಂತು, ಗದ್ದದವರೆಗೆ ಬಂತು, ಕಿವಿಯವರೆಗೆ ಎಳೆದೆ. ಊರಿನ ಗಂಡಸರಲ್ಲಿ ಎಷ್ಟು ಜನ ಆ ಬಿಲ್ಲನ್ನು ಕಿವಿಯವರೆಗೆ ಎಳೆದಾರು? ಆ ಗಳಿಗೆಯನ್ನು ನೆನೆದರೆ ಇವತ್ತಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆ ಹೆಮ್ಮೆಯನ್ನು ಬಿಟ್ಟುಕೊಡಲು ನನ್ನಿಂದ ಆಗುತ್ತಿಲ್ಲ, ಬಿಟ್ಟುಕೊಟ್ಟಂತೆ ನಟಿಸುವುದೂ ಆಗುವುದಿಲ್ಲ.

ಬಾಣ ಇರಲಿಲ್ಲ. ಬಾಣ ದೇವರ ಮುಂದಿತ್ತು. ನಿಧಾನವಾಗಿ ಹೆದೆಯನ್ನು ಹಿಂದಕ್ಕೆ ತರಬೇಕಿತ್ತು, ಅಷ್ಟೇ. ಕೈ ಸೋತು ಜಾರಿತು ಎಂದು ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಶುದ್ಧ ಸುಳ್ಳು. ಬೇಕೆಂದೇ ಬಿಟ್ಟೆ—ಆ ಸದ್ದು ನನ್ನ ಕೈಯಿಂದ ಹುಟ್ಟುವುದನ್ನು ಒಮ್ಮೆಯಾದರೂ ಕೇಳಬೇಕಿತ್ತು.

ಕೇಳಿದೆ. ಹೆದೆ ಝೇಂಕರಿಸಿತು. ಅದರ ಬೆನ್ನಿಗೇ ಹಿಡಿಕೆಯ ಹತ್ತಿರ ಚಟ್ ಎಂದು ಸಣ್ಣ ಸದ್ದು. ಹಿಡಿಕೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರೆ ಬಿದಿರಿನಲ್ಲಿ ಉದ್ದಕ್ಕೆ ಒಂದು ಸೀಳು, ಎಳೆಯಷ್ಟು. ಹೆದೆ ಮಾತ್ರ ಹೇಗಿತ್ತೋ ಹಾಗೆಯೇ ಇತ್ತು. ನಾನು ಅದನ್ನು ಮೊದಲಿನಂತೆ ಇಳಿಸಿದೆ, ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದೆ, ಬಿಲ್ಲನ್ನು ಗೂಟದ ಮೇಲಿಟ್ಟು ರಂಗೋಲಿ ಹಾಕಿದೆ. ಅಂದಿನ ರಂಗೋಲಿಯನ್ನು ಅವ್ವ ಹೊಗಳಿದಳು.

ಸೀಳಿದ ಬಿಲ್ಲನ್ನು ಅಪ್ಪ ಎಳೆಯುತ್ತಾನೆಂದು ಗೊತ್ತಿತ್ತು. ತಡೆದೀತು ಎಂದುಕೊಂಡೆ. ತಡೆಯದಿದ್ದರೆ ಎಂದು—ಯೋಚನೆ ಬರಲಿಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತದೆ. ಬಂತು. ಬಾಯಿ ಬಿಡಲಿಲ್ಲ.

ಮರುದಿನ ಬನ್ನಿ ಗಿಡದ ಹತ್ತಿರ ಇಡೀ ಊರು ನೆರೆದಿತ್ತು. ಬಿಲ್ಲು ಯಾರದು, ನಾಯಕರದು. ಹೆದೆ ಯಾರದು, ನದಾಫರದು. ಅಪ್ಪ ಎಳೆದ. ಬಿಲ್ಲು ಅವನ ಮುಖದ ಮುಂದೆಯೇ ಎರಡಾಗಿ, ಮೇಲಿನ ತುಂಡು ಸಿಡಿದು ಹುಬ್ಬಿಗೆ ಬಡಿಯಿತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಜನ ಗಾಯಕ್ಕೆ ಅರಿಸಿನ ಮೆತ್ತಿದರು. ರಕ್ತ ನಿಂತ ಮೇಲೆ ಎಲ್ಲರ ಕಣ್ಣು ಬಿಲ್ಲಿನ ತುಂಡುಗಳ ಮೇಲೆ ಹೋಯಿತು. ಬಿಲ್ಲು ತಾನಾಗಿ ಸಾಯುವುದಿಲ್ಲ ಎಂದವನು ಅಪ್ಪನೇ. ಹಾಗಾದರೆ ಕೊಂದವರು ಯಾರು? ಆ ಪ್ರಶ್ನೆ ಎಲ್ಲರ ಮುಖದ ಮೇಲಿತ್ತು. ಅಪ್ಪ ಊರ ಮುಂದೆ ಮುರಿದ ತುಂಡು ಹಿಡಿದು ನಿಂತಿದ್ದ. ಅವನು ಅಷ್ಟು ಸಣ್ಣವನಾಗಿ ಕಂಡದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅವನ ಕಣ್ಣು ನನ್ನತ್ತ ಸುಮ್ಮನೆ ಹೊರಳಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದೆಯೇ ನಾನು ಬಾಯಿ ಬಿಟ್ಟೆ.

"ಹೆದಿ ಗಿಡ್ಡ ಕಟ್ಟಿದ್ರು ಅಂತ ಕಾಣತೈತಿ, ಅಪ್ಪಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆದೆ ಗಿಡ್ಡವಾದರೆ ಬಿಲ್ಲು ಅಳತೆ ಮೀರಿ ಬಾಗುತ್ತದೆ, ಮುರಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಕಲಿತ ಹುಡುಗಿ ಬೇರೆ ಹೇಳಿದ್ದಾಳೆ. ಒಬ್ಬರು ಹೌದೆಂದರು, ಇನ್ನೊಬ್ಬರು ತಲೆಯಾಡಿಸಿದರು. ರಾಜೇಸಾಬ ಕಾಕಾ ಜಗಳಾಡಲಿಲ್ಲ. ನಿನ್ನೆ ಇಬ್ಬರೂ ಕೂಡಿ ಬಗ್ಗಿಸಿ ನೋಡಿದೆವಲ್ಲ ನಾಯಕ ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದರು. ಅಪ್ಪ ಮುಖ ತಿರುಗಿಸಿಕೊಂಡ. ಊರ ಮುಂದೆ ತಲೆ ತಗ್ಗಿಸಿದ ಮನುಷ್ಯನಿಗೆ ನಾನು ಆಸರೆಗೆ ಒಂದು ಗೂಟ ಕೊಟ್ಟಿದ್ದೆ, ಅವನು ಅದನ್ನೇ ಹಿಡಿದುಕೊಂಡ.

ಸಂಜೆ ಅವರು ಅದೇ ಬಿಳಿ ಅಂಗಿಯಲ್ಲಿ ಬನ್ನಿ ಎಲೆ ಹಿಡಿದು ನಮ್ಮ ಮನೆಗೆ ಬಂದರು. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದರೆ ವೈರಿಯೂ ಕೈ ಚಾಚಬೇಕು. ಅಪ್ಪ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಕೈ ಚಾಚಲಿಲ್ಲ. ಕಾಕಾ ಸ್ವಲ್ಪ ಹೊತ್ತು ನಿಂತು ಎಲೆಗಳನ್ನು ಜೇಬಿಗೆ ಹಾಕಿಕೊಂಡು ಹೋದರು. ನಾನು ಬಾಗಿಲ ಮರೆಯಲ್ಲಿದ್ದೆ.

ಮರುವರ್ಷ ಅಪ್ಪ ಹೊಸ ಬಿಲ್ಲು ಮಾಡಿದ, ಅಂಗಡಿಯ ನೈಲಾನ್ ಹಗ್ಗ ಕಟ್ಟಿದ. ಎರಡನೆಯ ಪ್ರಶ್ನೆ ಕೇಳುವುದನ್ನು ಬಿಟ್ಟ. ರಾಜೇಸಾಬ ಕಾಕಾ ಸಂಸಾರ ಕಟ್ಟಿಕೊಂಡು ಬ್ಯಾಡಗಿಗೆ ಹೋದರು. ನನಗೆ ರಾಣೇಬೆನ್ನೂರಿನಲ್ಲಿ ನೌಕರಿ ಸಿಕ್ಕಿತು. ಮಕ್ಕಳಿಗೆ ಖರೇ ಹೇಳಬೇಕು ಎಂದು ಪಾಠ ಮಾಡಿದೆ, ಒಳ್ಳೆಯ ಅಕ್ಕೋರು ಎನಿಸಿಕೊಂಡೆ. ಅಪ್ಪ ಹುಬ್ಬಿನ ಕಲೆಯೊಂದಿಗೇ ತೀರಿಕೊಂಡ. ಅವನಿಗೆ ಹೇಳಬಹುದಾಗಿದ್ದ ವರ್ಷಗಳು ಬೇಕಾದಷ್ಟಿದ್ದವು.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ತಮ್ಮನ ಮಗಳು ಅಂಗಳದಲ್ಲಿ ಹಗ್ಗದಾಟ ಆಡುತ್ತಿದ್ದಳು. ಹಗ್ಗ ಹರಿಯಿತು. ಅವಳು ನಕ್ಕು, ರಾಜೇಸಾಬನ ಹೆದಿ ಆತು ನೋಡು ಅತ್ತಿ ಎಂದಳು. ರಾಜೇಸಾಬ ಯಾರು ಗೊತ್ತೇನು ಎಂದು ಕೇಳಿದೆ. ಗೊತ್ತಿಲ್ಲ, ಹಾಗೆಂದರೆ ಕೈಕೊಡುವುದು ಅಂತ, ಎಲ್ಲರೂ ಅನ್ನುತ್ತಾರೆ ಎಂದಳು. ಅಜ್ಜನ ಬಿಲ್ಲು ಎಂದೋ ಒಲೆ ಸೇರಿತ್ತು. ನನ್ನ ಸುಳ್ಳು ಮಾತ್ರ ಗಾದೆಯಾಗಿ ಊರಲ್ಲಿ ಬದುಕಿಕೊಂಡಿದೆ.

ಅದೇ ವಾರ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಹತ್ತಿಯನ್ನು ಈಗ ಮಗ ಮಶೀನಿನಲ್ಲಿ ಹಿಂಜುತ್ತಾನೆ. ಕಾಕಾ ಮುದುಕರಾಗಿ ಗಾದಿಗಳ ನಡುವೆ ಕೂತಿದ್ದರು, ತಲೆಯ ಮೇಲೆ ಗೋಡೆಯಲ್ಲಿ ಅವರ ಹಳೆಯ ಬಿಲ್ಲು, ಹೆದೆಯ ಸಮೇತ. ನನ್ನ ಗುರುತು ಹಿಡಿದರು, ಕುಂದ್ರು ಎಂದರು, ಚಹಾ ಬೇಕೇನು ಎಂದು ಕೇಳಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅತ್ತೆ—ಆದರೆ ಅತ್ತದ್ದಕ್ಕೆ ಯಾವ ಬೆಲೆಯೂ ಇಲ್ಲ. ಅವರು ಕೇಳಿದ್ದು ಎರಡೇ ಮಾತು.

"ಕಿವಿತನಕ ಎಳದಿದ್ದೇನವಾ?"

"ಹೂಂ ಕಾಕಾ. ಕಿವಿತನಕ."

"ಹೆದಿ?"

"ಏನೂ ಆಗಿದ್ದಿಲ್ಲ, ಕಾಕಾ. ಹೆಂಗಿತ್ತೋ ಹಂಗs ಇತ್ತು."

ಅವರು ಮಗನಿಗೆ ಮಶೀನು ನಿಲ್ಲಿಸಲು ಸನ್ನೆ ಮಾಡಿದರು. ನಾನು ಹೇಳಿದ್ದನ್ನು ಅವನ ಎದುರಿಗೆ ಇನ್ನೊಮ್ಮೆ ಹೇಳಿಸಿದರು. ಹೇಳಿದೆ. ಆಗ ಅವರ ಬೆನ್ನು ನೆಟ್ಟಗಾದದ್ದನ್ನು ನೋಡಿದೆ. ನನಗೆ ಆ ಪರಿ ಗೊತ್ತು.

"ನನಗ್ಯಾಕ ಹೇಳಾಕ ಬಂದಿ, ದುರಗವ್ವಾ? ನನ್ನ ಹೆದಿ ನನಗ ಗೊತ್ತಿರೂದಿಲ್ಲೇನು? ಗೊತ್ತಿಲ್ದವರಿಗೆ ಹೇಳು."

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.

ಆದ್ದರಿಂದ ಮೊದಲು ಇಲ್ಲಿ ಬರೆದಿದ್ದೇನೆ. ಈ ಸಲದ ಹಬ್ಬಕ್ಕೆ ಬನ್ನಿ ಗಿಡದ ಹತ್ತಿರ ಬಾಯಿಬಿಟ್ಟು ಹೇಳುತ್ತೇನೆ. ಈಗ ಬಾಣ ಬಿಡುವ ನನ್ನ ತಮ್ಮ ಮೊದಲಿನ ಪ್ರಶ್ನೆ ಕೇಳಿದ ಮೇಲೆ ಎರಡನೆಯದನ್ನು ನಾನು ಕೇಳುತ್ತೇನೆ, ಹೆದೆ ಯಾರದು ಎಂದು. ಜನ ಸುಮ್ಮನಿದ್ದರೆ ಉತ್ತರವನ್ನೂ ನಾನೇ ಕೊಡುತ್ತೇನೆ. ಬಿಲ್ಲು ತಾನಾಗಿ ಸಾಯುವುದಿಲ್ಲ, ಕೊಂದವಳು ನಾನು ಎನ್ನುತ್ತೇನೆ. ತಲೆ ತಗ್ಗಿಸಿ ಹೇಳುವುದಿಲ್ಲ; ತಗ್ಗಿಸಿದರೆ ಹಿಂದೆ ನಿಂತವರಿಗೆ ಕೇಳಿಸುವುದಿಲ್ಲ.

ಆಮೇಲೆ ಬನ್ನಿ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬ್ಯಾಡಗಿಯ ಬಸ್ಸು ಹತ್ತುತ್ತೇನೆ. ಕಾಕಾ ಕೈ ಚಾಚುತ್ತಾರೋ ಇಲ್ಲವೋ ಗೊತ್ತಿಲ್ಲ. ಚಾಚದಿದ್ದರೆ ಸ್ವಲ್ಪ ಹೊತ್ತು ನಿಂತು, ಎಲೆಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಬರುತ್ತೇನೆ.