ನಗಬಾರದ ಕಡೆ ಬಂದ ನಗು

ಜತ್ತದಲ್ಲಿ ನಮ್ಮ ಪಕ್ಕದ ಮನೆಯ ಜುಬೇದಾಳ ಗಂಡ ತೀರಿಕೊಂಡ ದಿನ ನಾನು ಎಲ್ಲರೆದುರು ಗಹಗಹಿಸಿ ನಕ್ಕುಬಿಟ್ಟೆ. ತಡೆಯಲು ಆಗಲಿಲ್ಲ. ಅಂದಿನಿಂದ ಅವಳು ಮಾತು ಬಿಟ್ಟಳು, ಓಣಿಯ ಹೆಂಗಸರು ನನ್ನ ಹೊಲಿಗೆ ಅಂಗಡಿಗೆ ಬರುವುದು ಬಿಟ್ಟರು. ಕಾರಣವಿಲ್ಲದೆ ನಗು ಬರುವ ಮೂರ್ಛೆರೋಗವೂ ಉಂಟೆಂದು ಪತ್ರಿಕೆಯೊಂದರಲ್ಲಿ ಓದಿ, ಒಬ್ಬಳೇ ಮಿರಜಿನ ದೊಡ್ಡ ಆಸ್ಪತ್ರೆಗೆ ಹೋದೆ.

ಮಿದುಳಿನ ಚಿತ್ರ ತೆಗೆಯುವ ಎಂಆರ್‌ಐ ಯಂತ್ರದೊಳಗೆ ಮಲಗಿಸುತ್ತ ಅಲ್ಲಿಯವನು, "ಮಾವಶಿ, ಒಳಗ ಅಲುಗಾಡಬ್ಯಾಡ್ರಿ, ನಗಬ್ಯಾಡ್ರಿ" ಎಂದ.

"ನಗೂದು ನನ್ನ ಕೈಯಾಗಿದ್ರ ಇಲ್ಲೀತನಕ ಯಾಕ ಬರ್ತಿದ್ದೆಪಾ?" ಎಂದೆ.

ಮಿದುಳಿನ ಆಳದಲ್ಲಿ ಜೋಳದ ಕಾಳಿನಷ್ಟು ಗಂಟು ಕಂಡಿತು. ಆ ನಗುವೇ ಮೂರ್ಛೆ ಎಂದರು ಡಾಕ್ಟರರು. ಊರಿಗೆ ಬಂದವಳೇ ಜುಬೇದಾಳ ಬಾಗಿಲಿಗೆ ಹೋಗಿ, ಆ ಚಿತ್ರದ ಫಿಲ್ಮನ್ನು ಬಿಸಿಲಿಗೆ ಹಿಡಿದು ತೋರಿಸಿದೆ. "ನೋಡ ಜುಬೇದಾ, ನಾ ನಕ್ಕಿದ್ದಲ್ಲ. ಈ ಗಂಟು ನಗಿಸಿದ್ದು."

ಅವಳು ಬಹಳ ಹೊತ್ತು ನೋಡಿದಳು. "ಮಶೀನಿಗೇನ ಗೊತ್ತ? ಅವತ್ತ ಅದು ಇಲ್ಲಿ ಇತ್ತೇನ?" ಎಂದು ಬಾಗಿಲು ಹಾಕಿಕೊಂಡಳು.

ಗುಳಿಗೆ ನುಂಗಿ ಈಗ ಆ ನಗು ಬಹಳ ಕಡಿಮೆಯಾಗಿದೆ. "ಎದುರಿಗೆ ಸಿಕ್ಕರೂ ನಗಂಗಿಲ್ಲ, ಎಷ್ಟು ಸೊಕ್ಕು ಈಕಿಗೆ" ಅನ್ನುತ್ತಾರೆ ಓಣಿಯವರು. ಆ ಸೊಕ್ಕು ಮಾತ್ರ ಖರೆ, ಅದಕ್ಕೆ ಮಿದುಳಿನ ಚಿತ್ರ ತೆಗೆಸಬೇಕಾಗಿಲ್ಲ.