ಶಾಹಿದಾ ಮೇಡಂ ಮತ್ತು ಸುಳ್ಳು ಹೇಳಿದ ಕೇಬಲ್

ಯಾರ ಮನೆಗೆ ಹೋದರೂ ಶಾಹಿದಾ ಮೇಡಂ ಚಪ್ಪಲಿ ಬಿಡುವ ಮೊದಲೇ, “ಆ ಬಲ್ಬ್ ಆರಸ್ರಿ, ಕಿರಚಾಕತ್ತೈತಿ” ಎನ್ನುತ್ತಿದ್ದರು. ಮನೆಯವರು ಮುಖ ಮುಖ ನೋಡಿಕೊಂಡು ಆರಿಸುತ್ತಿದ್ದರು. ಬಲ್ಬು ಕಿರುಚುವುದು ನಮ್ಮ ನಿಮ್ಮ ಕಿವಿಗಲ್ಲ, ಅವರ ಉಪಕರಣದ ಕಿವಿಗೆ. ಆಕಾಶದಿಂದ ಬರುವ ರೇಡಿಯೋ ಅಲೆಗಳು ಎಷ್ಟು ಕ್ಷೀಣವೆಂದರೆ, ಅವುಗಳ ಮುಂದೆ ಪಕ್ಕದ ಓಣಿಯ ಎಲ್‌ಇಡಿ ದೀಪವೂ ಮದುವೆಯ ಬ್ಯಾಂಡು. ಅಂಥ ಅಲೆಗಳನ್ನು ಹಿಡಿಯುವ ಆಂಟೆನಾ, ರಿಸೀವರುಗಳನ್ನು ಕಟ್ಟುವುದರಲ್ಲೇ ಅವರ ಜೀವಮಾನ ಕಳೆಯಿತು.

ಅವರು ಹಗರಿಬೊಮ್ಮನಹಳ್ಳಿಯವರು. ತಂದೆಯದು ಪಂಪ್‌ಸೆಟ್ ಮೋಟರಿನ ವೈಂಡಿಂಗ್ ಅಂಗಡಿ. ಕೊಟ್ಟೂರಿನವನಾದ ನಾನು ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವರ ಕೈಕೆಳಗೆ ಪಿಎಚ್‌ಡಿಗೆ ಸೇರಿದ್ದೆ. ಊರ ಮಟ್ಟಿಗೆ ಮೇಡಂ ರೇಡಿಯೋ ರಿಪೇರಿಯವರು. ಹರಪನಹಳ್ಳಿಯ ಅವರ ಚಿಕ್ಕಮ್ಮ ನನ್ನೆದುರಿಗೇ ಕೇಳಿದ್ದರು: “ಇಷ್ಟು ಓದಿ ರೇಡಿಯೋನ ರಿಪೇರಿ ಮಾಡೋದಾದ್ರ, ಅಪ್ಪನ ಅಂಗಡ್ಯಾಗ ಕುಂತಿದ್ರ ಆಗ್ತಿರಲಿಲ್ಲೇನು?”

“ಅಲ್ಲಿ ಗಿರಾಕಿ ಬೈತಾರ. ನಕ್ಷತ್ರ ಬೈಯಂಗಿಲ್ಲ,” ಎಂದರು ಮೇಡಂ.

ಹೊಸ ಆಂಟೆನಾ ನಿಲ್ಲಿಸಲು ಗದ್ದಲವಿಲ್ಲದ ಜಾಗ ಬೇಕಿತ್ತು. ಜೀಪಿನಲ್ಲಿ ನಮ್ಮ ತಾಲ್ಲೂಕುಗಳನ್ನೆಲ್ಲ ಸುತ್ತಿದೆವು. ಹಡಗಲಿ ಕಡೆ ಮೊಬೈಲ್ ಟವರು, ಮೈಲಾರದ ಹಾದಿಯಲ್ಲಿ ವೆಲ್ಡಿಂಗ್ ಅಂಗಡಿ. ಕೊನೆಗೆ ಕೂಡ್ಲಿಗಿಯಾಚೆ, ಎರಡು ಗುಡ್ಡಗಳ ನಡುವೆ, ರೇಡಿಯೋ ಗದ್ದಲ ಅಳೆಯುವ ಯಂತ್ರದ ತೆರೆಯ ಮೇಲೆ ಕುಣಿಯುತ್ತಿದ್ದ ಗೆರೆ ತಣ್ಣಗೆ ಮಲಗಿತು. ಪಂಚಾಯಿತಿ ಸದಸ್ಯರೊಬ್ಬರು ಓಡೋಡಿ ಬಂದು ಮಂಡಕ್ಕಿ ಮಿರ್ಚಿ ತರಿಸಿದರು.

“ಟವರ್ ಹಾಕಾಕ ಬಂದೀರಲ್ಲರಿ? ಇಲ್ಲಿ ಒಂದು ಕಡ್ಡೀನೂ ಸಿಗ್ನಲ್ ಬರಂಗಿಲ್ರಿ.”

“ಬರಂಗಿಲ್ಲ ಅಂತನ ಬಂದೀವ್ರಿ. ನಿಮ್ಮ ಕಷ್ಟನ ನಮ್ಮ ಪುಣ್ಯ,” ಎಂದರು ಮೇಡಂ.

ಆತ ಎರಡನೇ ಪ್ಲೇಟು ತರಿಸಲಿಲ್ಲ.

ಅಲ್ಲೇ ಆಂಟೆನಾ ನಿಲ್ಲಿಸಿ ಕೆಲವು ವರ್ಷ ಕೇಳಿದ ಮೇಲೆ ಆಕಾಶ ಕೊನೆಗೂ ಬಾಯಿಬಿಟ್ಟಿತು. ನಮ್ಮ ಗ್ರಾಫಿನಲ್ಲಿ ಒಂದು ಸಣ್ಣ ತಗ್ಗು. ವಿಶ್ವದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಗುರುತು ಅದಾಗಿರಬಹುದಿತ್ತು. ಪ್ರಬಂಧ ಪ್ರಕಟವಾಯಿತು. ನಮ್ಮ ನಿರ್ದೇಶಕರು ಆ ತಗ್ಗನ್ನು ತಾವೇ ಗುದ್ದಲಿ ಹಿಡಿದು ತೋಡಿದವರಂತೆ ಸಂದರ್ಶನ ಕೊಟ್ಟರು. ಮುಂದಿನ ದೊಡ್ಡ ಯೋಜನೆಗೆ ಮೇಡಂ ಮುಖ್ಯಸ್ಥೆ ಎಂದಾಯಿತು. ನನ್ನ ಥೀಸಿಸ್ಸೂ ಆ ತಗ್ಗಿನಲ್ಲೇ ಬೆಚ್ಚಗೆ ಕೂತಿತ್ತು.

ಮೇಡಂ ಮಾತ್ರ, “ಇಷ್ಟು ಚಂದ ಬಂದೈತಿ ಅಂದ್ರ ನನಗ ಡೌಟು” ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಕೂಡ್ಲಿಗಿಗೆ ಹೋಗಿ, ಆಂಟೆನಾದಿಂದ ರಿಸೀವರ್ ಪೆಟ್ಟಿಗೆಗೆ ಬರುವ ಕೇಬಲನ್ನು ಬಿಚ್ಚಿ ಇನ್ನೂ ಉದ್ದನೆಯದನ್ನು ಹಾಕಿಸಿದರು. ತಗ್ಗು ಆಕಾಶದ್ದಾಗಿದ್ದರೆ ಇದ್ದಲ್ಲೇ ಇರಬೇಕು. ಸಂಜೆಗೆ ನೋಡಿದರೆ ಅದು ಪಕ್ಕಕ್ಕೆ ಸರಿದಿತ್ತು.

“ಇನ್ನೊಂದು ಸಲ ನೋಡೋಣ್ರಿ ಮೇಡಂ,” ಎಂದೆ.

“ಹತ್ತು ಸಲ ನೋಡು. ನಕ್ಷತ್ರ ಅಲ್ಲಲೇ ಕೊಟ್ರೇಶಿ. ನಮ್ಮ ಕೇಬಲ್ಲ ಸುಳ್ಳು ಹೇಳೈತಿ.” ನಕ್ಕೇ ಹೇಳಿದರು. ಆದರೆ ಬಿಗಿದ ಸ್ಕ್ರೂವನ್ನೇ ಮತ್ತೆ ಮತ್ತೆ ಬಿಗಿದರು. ಕೊನೆಗೆ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು ಬಂಡೆಯ ಮೇಲೆ ಕೂತುಬಿಟ್ಟರು.

ನಿರ್ದೇಶಕರು ಬಾಗಿಲು ಮುಂದೆ ಮಾಡಿ ಸಮಾಧಾನ ಹೇಳಿದರು: “ಬೇರೆಯವರು ಇದನ್ನು ಕಂಡುಹಿಡಿಯಲು ವರ್ಷಗಳೇ ಬೇಕು. ನಮಗೇಕೆ ಅವಸರ?”

“ನನ್ನ ತಪ್ಪು ಹಿಡಿಯೋ ಖುಷೀನ ಬ್ಯಾರೇರಿಗೆ ಯಾಕ ಬಿಟ್ಟುಕೊಡ್ಲಿ, ಸರ್?”

ಮೇಡಂ ಪ್ರಬಂಧವನ್ನು ಹಿಂದಕ್ಕೆ ಪಡೆದರು. ದೊಡ್ಡ ಯೋಜನೆ, ಬೆಸುಗೆ ಕಡ್ಡಿಯನ್ನು ಫೋಟೋದಲ್ಲಿ ಮಾತ್ರ ಹಿಡಿದಿದ್ದ ಒಬ್ಬ ವಿದ್ವಾಂಸರಿಗೆ ಹೋಯಿತು. ಮೇಡಂಗೂ ಗೌರವ ಸಿಗದೆ ಇರಲಿಲ್ಲ. ಹಳೆಯ ಕುರ್ಚಿಗಳ ವಿಲೇವಾರಿ ಸಮಿತಿಗೆ ಅಧ್ಯಕ್ಷೆ ಮಾಡಿದರು.

ಥೀಸಿಸ್ ಕಳೆದುಕೊಂಡ ಸಿಟ್ಟಿಗೆ ನಾನು ಮೇಡಂ ಜೊತೆ ಮಾತು ಬಿಟ್ಟಿದ್ದೆ. ಒಂದು ದಿನ ಅವರೇ ಎರಡು ಲೋಟ ಚಹಾ ಹಿಡಿದು ನನ್ನ ಮೇಜಿಗೆ ಬಂದರು. “ಹೆಸ್ರು ಬದಲು ಮಾಡು. ಕೇಬಲ್ ಹೆಂಗ ಸುಳ್ಳು ಹೇಳ್ತಾವ ಅಂತ ಬರಿ. ನಕ್ಷತ್ರದ ಮ್ಯಾಲ ಭಾಳ ಮಂದಿ ಬರದಾರ.” ಬರೆದೆ. ಇಂದು ನನಗೆ ಅನ್ನ ಹಾಕುತ್ತಿರುವುದು ಅದೇ ವಿದ್ಯೆ.

ನಿವೃತ್ತಿಯಾಗಿ ಊರಿಗೆ ಹೋದ ಮೇಡಂ ಬಹಳ ಕಾಲ ಉಳಿಯಲಿಲ್ಲ. ಸಂಸ್ಥೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಅದೇ ನಿರ್ದೇಶಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಸತ್ಯ ಹೇಳುವ ಅವರ ಧೈರ್ಯಕ್ಕೆ ನಾನು ಮೊದಲ ದಿನದಿಂದ ಬೆಂಬಲವಾಗಿ ನಿಂತಿದ್ದೆ” ಎಂದರು. ಜನ ತಲೆದೂಗಿದರು. ಸಭೆಗಳಲ್ಲಿ ಸದಾ ಪಕ್ಕ ಕೂರುತ್ತಿದ್ದ ಮೇಡಂ ಇಂಥ ಮಾತಿಗೆ ನನ್ನ ಕಿವಿಯಲ್ಲಿ ಏನು ಪಿಸುಗುಡುತ್ತಾರೋ ಎಂದು, ಅಭ್ಯಾಸಬಲದಿಂದ ಪಕ್ಕದ ಕುರ್ಚಿಯತ್ತ ವಾಲಿದೆ.

ಅಲ್ಲಿ ಕೂತಿದ್ದ ಯಾರೋ ಫೋನಿನಿಂದ ತಲೆಯೆತ್ತಿ, “ಏನಾದ್ರೂ ಬೇಕಿತ್ತಾ ಸರ್?” ಎಂದು ಕೇಳಿದರು.