ರುಚಿ ನೋಡಿದ ಗ್ರೇವಿ

ಯಾರ್ಕ್‌ಷೈರ್ ಪುಡ್ಡಿಂಗ್ ಸಿಹಿಯಲ್ಲ ಎಂದು ನನಗೆ ಗೊತ್ತಾಗಿದ್ದು ಎಪ್ಪತ್ತು ದಾಟಿದ ಮೇಲೆ. ಹೆಸರಿನಲ್ಲೇ ಪುಡ್ಡಿಂಗ್ ಇದೆಯಲ್ಲ ಎಂದು ಮೊಟ್ಟೆ ಹಾಲು ಕಲಸಿದ ಹಿಟ್ಟಿಗೆ ಸಕ್ಕರೆ, ಏಲಕ್ಕಿ, ಮೇಲೆ ನಾಲ್ಕೆಸಳು ಕೇಸರಿ ಹಾಕಿ ಓವನ್ನಿಗಿಟ್ಟಿದ್ದೆ. ಪೂರಿಯ ಹಾಗೆ ಉಬ್ಬಿ ಬಂತು. ನಾನೂ ಉಬ್ಬಿದೆ. ಅದರ ಮೇಲೆ ಮಾಂಸದ ಗ್ರೇವಿ ಸುರಿದುಕೊಂಡು ತಿನ್ನುತ್ತಾರೆ ಎಂದು ಮೊಮ್ಮಗಳು ಹೇಳಿದಾಗ, ಹೋದ ಕೇಸರಿಯನ್ನು ನೆನೆದು ಹೊಟ್ಟೆ ಉರಿಯಿತು.

ಜನ್ಮದಲ್ಲಿ ಮೊಟ್ಟೆ ತಿನ್ನದವಳು ಯಾಕೆ ಈ ಉಪದ್ವ್ಯಾಪಕ್ಕೆ ಹೋದೆ ಎಂದರೆ, ನಮ್ಮವರು ಊಟ ಬಿಟ್ಟಿದ್ದರು.

ನಮ್ಮವರು ಎಂದರೆ ನನ್ನ ಗಂಡ. ಡಾಕ್ಟರಾಗಿದ್ದವರು. ಸಿಡ್ನಿಯಲ್ಲಿ ಚಾಟ್ಸ್‌ವುಡ್ಡಿನ ಫ್ಲ್ಯಾಟಿನಲ್ಲಿ ಬಹುಕಾಲ ಸಂಸಾರ ಮಾಡಿದೆವು. ಭಾನುವಾರ ಬಂತೆಂದರೆ ಮೈಸೂರಿನ ಕಡೆಯ ನಾಲ್ಕು ಮನೆಯವರು ಸೇರಿ ಬಿಸಿಬೇಳೆಬಾತ್ ತಿನ್ನುತ್ತ ಇಂಗ್ಲಿಷರ ಊಟವನ್ನು ಆಡಿಕೊಳ್ಳುವುದು ನಮಗೊಂದು ಹಬ್ಬ. ಆಲೂಗಡ್ಡೆ ಬೇಯಿಸಿ ಹಿಸುಕಿ ಅದನ್ನೇ ಅಡುಗೆ ಅನ್ನುತ್ತಾರೆ, ಬಟಾಣಿಯನ್ನು ಮಗುವಿಗೆ ಕೊಡುವ ಹಾಗೆ ನುರಿದು ದೊಡ್ಡವರು ತಿನ್ನುತ್ತಾರೆ, ಒಗ್ಗರಣೆ ಎಂಬುದೊಂದು ಇದೆ ಎಂದು ಯಾರೂ ಇವರಿಗೆ ಹೇಳಲಿಲ್ಲವೇ, ಹೀಗೆ. ನಮ್ಮವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇಂಗ್ಲೆಂಡಿನ ಉತ್ತರದ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲವು ವರ್ಷ ಇದ್ದು ಬಂದವರು ಅವರೊಬ್ಬರೇ. ಅಲ್ಲಿ ಏನು ತಿಂದಿರಿ ಎಂದು ಯಾರಾದರೂ ಕೇಳಿದರೆ, "ಬ್ರೆಡ್ಡು, ಬೆಣ್ಣೆ, ಬೇಜಾರು," ಎನ್ನುತ್ತಿದ್ದರು.

ನಾನು ಆ ಊರನ್ನು ನೋಡಿದವಳಲ್ಲ. ಹೋಗುವಾಗ ಬೇಗ ಕರೆಸಿಕೊಳ್ಳುತ್ತೇನೆ ಎಂದಿದ್ದರು. ಅಷ್ಟರಲ್ಲಿ ಮೈಸೂರಿನಲ್ಲಿ ಅತ್ತೆ ಹಾಸಿಗೆ ಹಿಡಿದರು, ನಾನು ಅವರ ತಲೆದೆಸೆಯಲ್ಲಿ ಉಳಿದೆ. ಇವತ್ತು ಬಾ ನಾಳೆ ಬಾ ಎನ್ನುತ್ತ ವರ್ಷಗಳು ಹೋಗಿ, ಕೊನೆಗೆ ಅವರೇ ವಾಪಸು ಬಂದರು. ಆಮೇಲೆ ಇಬ್ಬರೂ ಸಿಡ್ನಿಗೆ ಹೊರಟೆವು. ನನಗಾಗಿ ಅವರು ಅಲ್ಲಿ ಕಾದದ್ದು, ಅವರಿಗಾಗಿ ನಾನು ಮೈಸೂರಿನಲ್ಲಿ ಕಾದದ್ದು, ಎರಡೂ ಮುಗಿದ ಮಾತು ಎಂದುಕೊಂಡಿದ್ದೆ.

ರಿಟೈರ್ ಆದ ಮೇಲೆ ಅವರ ಮರೆವು ಶುರುವಾಯಿತು. ಚಾಟ್ಸ್‌ವುಡ್ ಸ್ಟೇಷನ್ನಿನಲ್ಲಿ ಇಳಿದು, ಮನೆ ಯಾವ ಕಡೆ ಎಂದು ತಿಳಿಯದೆ ಮಧ್ಯಾಹ್ನವೆಲ್ಲ ಅಲ್ಲೇ ನಿಂತಿದ್ದರಂತೆ. ಮಗಳು ಮೆಲ್ಬರ್ನಿನಿಂದ ಬಂದವಳೇ, ಇನ್ನು ನೀವಿಬ್ಬರೇ ಇರುವ ಹಾಗಿಲ್ಲ ಎಂದು ಆ ಊರಿನ ಅಂಚಿಗಿರುವ ಟ್ರುಗನಿನಾ ಬಡಾವಣೆಯ ತನ್ನ ಹೊಸ ಮನೆಗೆ ಕರೆದುಕೊಂಡು ಹೋದಳು. ಒಂದೇ ಅಚ್ಚಿನಲ್ಲಿ ಒತ್ತಿದ ಚಕ್ಕುಲಿಯ ಹಾಗಿರುವ ಮನೆಗಳ ಸಾಲು, ಆಚೆಗೆ ಗೋದಾಮುಗಳು, ನಡುವೆ ಗಾಳಿ. ನನಗೇ ನಮ್ಮ ಮನೆ ಗುರುತು ಸಿಗಲು ಹದಿನೈದು ದಿನ ಬೇಕಾಯಿತು, ಅವರ ಪಾಡು ಕೇಳಬೇಡಿ.

ಆದರೂ ಅವರಿಗೆ ನನ್ನ ಗುರುತಿತ್ತು. ಮಗಳನ್ನು ಒಮ್ಮೊಮ್ಮೆ ನರ್ಸ್ ಎಂದುಕೊಳ್ಳುತ್ತಿದ್ದರು, ಮೊಮ್ಮಗಳನ್ನು ಪಕ್ಕದ ಮನೆಯ ಹುಡುಗಿ ಎಂದುಕೊಳ್ಳುತ್ತಿದ್ದರು. ನನ್ನನ್ನು ಮಾತ್ರ ಎದ್ದ ಕೂಡಲೇ "ಇವಳೇ" ಎಂದು ಕರೆಯುತ್ತಿದ್ದರು. ಹೆಸರು ಹಿಡಿದು ಕರೆದವರೇ ಅಲ್ಲ. ಆ ಒಂದು ಕರೆಯ ಮೇಲೆ ನನ್ನ ದಿನ ನಡೆಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಕಲಸಿಕೊಟ್ಟ ಸಾರನ್ನದ ತಟ್ಟೆಯನ್ನು ಮೆಲ್ಲನೆ ತಳ್ಳಿ, "ನೋ ಥ್ಯಾಂಕ್ ಯೂ, ವೆರಿ ಕೈಂಡ್ ಆಫ್ ಯೂ," ಎಂದರು. ಮಾರನೆಯ ದಿನ ದೋಸೆಗೂ ಅದೇ ಮಾತು. ಮೊಸರನ್ನಕ್ಕೂ ಅದೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ವಿನಯವೇ ನನ್ನನ್ನು ಸುಟ್ಟಿತು. ತೂಕ ಇಳಿಯತೊಡಗಿತು, ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ತೋರಿಸಲು ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿದರು. ಮನೆಗೆ ಬರುವ ದಾರಿಯಲ್ಲಿ ಕಾರು ಓಡಿಸುತ್ತಲೇ ಮಗಳು ಹೇಳಿದಳು.

"ಅಮ್ಮಾ, ವೆಯ್ಟ್ ಇನ್ನೂ ಡ್ರಾಪ್ ಆದ್ರೆ ಮನೇಲಿ ಮ್ಯಾನೇಜ್ ಮಾಡಕ್ಕಾಗಲ್ಲ ಕಣೇ. ಇಲ್ಲೇ ಹತ್ರ ವೆರಿಬೀಲಿ, ವಯಸ್ಸಾದೋರನ್ನ ಇಟ್ಕೊಂಡು ನೋಡ್ಕೊಳ್ಳೋ ಒಂದು ನರ್ಸಿಂಗ್ ಹೋಮ್ ನೋಡಿಟ್ಟಿದೀನಿ. ಈಗ್ಲೇ ಅಲ್ಲ. ಬೇಜಾರ್ ಮಾಡ್ಕೋಬೇಡ."

"ನನ್ನ ಹೆಣ ಬಿದ್ದ ಮೇಲೆ ಕಳಿಸು," ಎಂದೆ.

ಅವರು ಏನು ತಿನ್ನುತ್ತಾರೆ ಎಂದು ಗೊತ್ತಾಗಿದ್ದು ಮೊಮ್ಮಗಳಿಂದ. ಅವಳು ಸ್ಕೂಲಿನಿಂದ ಬಂದು, ಸೂಪರ್‌ಮಾರ್ಕೆಟ್ಟಿನ ಡಬ್ಬಿಯೊಂದನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡು ಟೇಬಲ್ಲಿಗೆ ಬಂದಳು. ಶೆಪರ್ಡ್ಸ್ ಪೈ. ಕೊಚ್ಚಿದ ಕುರಿಮಾಂಸ, ಮೇಲೆ ಹಿಸುಕಿದ ಆಲೂಗಡ್ಡೆಯ ಹೊದಿಕೆ. ಮಗಳ ಮನೆಯಲ್ಲಿ ಮಗುವಿಗೆ ಅಷ್ಟು ಸ್ವಾತಂತ್ರ್ಯವಿದೆ. ನಾನು ಮುಖ ತಿರುಗಿಸಿ ಕೂರುತ್ತೇನೆ. ಅವಳು ನೀರು ತರಲು ಎದ್ದಾಗ ನಮ್ಮವರು ಆ ಡಬ್ಬಿಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು. ಫೋರ್ಕನ್ನು ಎಡಗೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಪೂರ್ತಿ ತಿಂದು ಬಾಯೊರೆಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ, ಚೆನ್ನಾಗಿತ್ತು, ಆದರೆ ಗ್ರೇವಿ ಕೊಡಲಿಲ್ಲವಲ್ಲ ಎಂದರು.

ಬ್ರೆಡ್ಡು, ಬೆಣ್ಣೆ, ಬೇಜಾರು! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಿಂದದ್ದಕ್ಕಲ್ಲ, ಆ ಚಳಿಯಲ್ಲಿ ಒಬ್ಬಂಟಿಯಾಗಿ ಯಾರು ಏನು ತಿಂದರೆ ನನಗೇನು. ಆದರೆ ಐವತ್ತು ವರ್ಷ ಒಂದೇ ಸೂರಿನಡಿ ಇದ್ದು, ಎಳ್ಳಷ್ಟೂ ಬಾಯಿ ಬಿಡಲಿಲ್ಲವಲ್ಲ. ಜಗಳ ಆಡೋಣವೆಂದರೆ ಜಗಳ ಆಡಬೇಕಾದ ಗಂಡನೇ ಅಲ್ಲಿರಲಿಲ್ಲ.

"ಬಿಡಮ್ಮ, ತಿಂದ್ರಲ್ಲ, ಅದೇ ಸಾಕು," ಎಂದಳು ಮಗಳು.

ಡಬ್ಬಿಯ ಊಟ ಕೆಲವು ದಿನ ನಡೆಯಿತು. ಆಮೇಲೆ ಅದನ್ನೂ ತಳ್ಳಿದರು. ಅವರಿಗೆ ಬೇಕಾಗಿದ್ದು ಮನೆಯಲ್ಲಿ ಮಾಡಿದ್ದು. ಆ ಊರಿನಲ್ಲಿ ಅವರಿಗೆ ರೂಮು ಕೊಟ್ಟಿದ್ದ ಹೆಂಗಸು ಭಾನುವಾರ ಮಾಡಿ ಬಡಿಸುತ್ತಿದ್ದ ಊಟ. ಓವನ್ನಿನಲ್ಲಿ ಬೇಯಿಸಿದ ಮಾಂಸದ ರೋಸ್ಟ್, ಅದರ ಪಕ್ಕ ಯಾರ್ಕ್‌ಷೈರ್ ಪುಡ್ಡಿಂಗ್, ಎಲ್ಲದರ ಮೇಲೆ ಕಂದು ಬಣ್ಣದ ಗ್ರೇವಿ. ತುಂಡುತುಂಡಾಗಿ ಅವರ ಬಾಯಿಂದಲೇ ಇಷ್ಟು ಹೊರಟಿತು. ಮಗಳಿಗೆ ಆಫೀಸು, ಅಳಿಯನಿಗೆ ವಾರವೆಲ್ಲ ಸಿಡ್ನಿಯಲ್ಲಿ ಕೆಲಸ. ಉಳಿದವಳು ನಾನು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ರಬ್ಬರ್ ಗ್ಲೌಸ್ ಹಾಕಿಕೊಂಡೆ.

ಈ ಕಡೆಯ ಹೊಸ ಮನೆಗಳಲ್ಲಿ ಅಡುಗೆಮನೆಯ ಹಿಂದೆ ಇನ್ನೊಂದು ಪುಟ್ಟ ಅಡುಗೆಮನೆ ಇರುತ್ತದೆ. ಸ್ಪೈಸ್ ಕಿಚನ್ ಎನ್ನುತ್ತಾರೆ. ನಮ್ಮ ಒಗ್ಗರಣೆಯ ಘಾಟು ನಡುಮನೆಯ ಸೋಫಾಕ್ಕೆ ತಾಗದಿರಲಿ ಎಂದು ಬಿಲ್ಡರುಗಳು ನಮ್ಮಂಥವರಿಗಾಗಿಯೇ ಕಟ್ಟುವುದು. ನಮ್ಮ ಮನೆಯಲ್ಲಿ ಅದು ಉಲ್ಟಾ ಆಯಿತು. ಒಗ್ಗರಣೆ ದೊಡ್ಡ ಅಡುಗೆಮನೆಗೆ ಬಂತು, ದೇವರಿಗೆ ವಾಸನೆ ತಾಗದಿರಲೆಂದು ಇಂಗ್ಲೆಂಡು ಹಿಂದಕ್ಕೆ ಹೋಯಿತು.

ನಾನು ಕೆಟ್ಟ ಅಡುಗೆಯವಳಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ನನಗೊಂದು ಅಭ್ಯಾಸ. ಅತ್ತೆಯ ಮನೆಯಲ್ಲಿ ನೈವೇದ್ಯವಾಗದೆ ಯಾರೂ ಅಡುಗೆಯ ರುಚಿ ನೋಡುವಂತಿರಲಿಲ್ಲ. ಬಾಯಿಗಿಟ್ಟರೆ ಎಂಜಲು, ದೇವರಿಗೆ ಆಗದು. ಕುದಿಯುವ ಶಬ್ದ, ಏಳುವ ಆವಿ, ಕೈಯ ಅಳತೆ, ಇಷ್ಟರಲ್ಲೇ ಉಪ್ಪು ಹುಳಿ ಖಾರ ಗೊತ್ತಾಗಬೇಕು. ಇಷ್ಟು ವರ್ಷ ಹಾಗೇ ಮಾಡಿದ್ದೇನೆ, ಒಂದು ದಿನವೂ ಉಪ್ಪು ಕೈ ಮೀರಿಲ್ಲ. ಗ್ರೇವಿಗೂ ಅದೇ ಕೈ ಓಡಿತು. ಅಂಗಡಿಯಿಂದ ತಂದ ಗ್ರೇವಿ ಪುಡಿಯಲ್ಲಿ ಮೊದಲೇ ಉಪ್ಪಿರುತ್ತದೆ ಎಂದು ಕೈಗೆ ಗೊತ್ತಿರಲಿಲ್ಲ. ಸಮುದ್ರದ ನೀರಾಯಿತು. ಮರುದಿನ ಹೆದರಿ ಕಡಿಮೆ ಹಾಕಿದೆ, ಚಪ್ಪೆಯಾಯಿತು. ಇನ್ನೊಂದು ದಿನ ಗಮನವಿಲ್ಲದೆ ಚಿಟಿಕೆ ಇಂಗು ಬಿದ್ದುಹೋಯಿತು. ಅವತ್ತು ಅವರು ಮುಖ ಎತ್ತಿ ನನ್ನನ್ನು ನೋಡಿದ ಪರಿ, ಮದುವೆಯ ಹೊಸದರಲ್ಲೂ ಹಾಗೆ ನೋಡಿರಲಿಲ್ಲ.

ರುಚಿ ನೋಡಲು ಮನೆಯಲ್ಲಿದ್ದವಳು ಮೊಮ್ಮಗಳೊಬ್ಬಳೇ. ಏನು ಕೊಟ್ಟರೂ "ಇಟ್ಸ್ ಫೈನ್, ಅಜ್ಜಿ," ಎನ್ನುವಳು, ಎಲ್ಲದಕ್ಕೂ ಟೊಮೆಟೊ ಸಾಸ್ ಸುರಿದುಕೊಳ್ಳುವಳು. ಅವಳ ಸಾಕ್ಷಿ ಯಾವ ಕೋರ್ಟಿನಲ್ಲೂ ನಿಲ್ಲದು.

ಮತ್ತೆ ಡಾಕ್ಟರರ ಬಳಿ ಹೋಗುವ ದಿನ ಹತ್ತಿರವಾಯಿತು. ಒಂದು ಬೆಳಿಗ್ಗೆ ಮಗಳು ಫೋನಿನಲ್ಲಿ ವೆರಿಬೀಯ ಆ ಜಾಗದವರೊಡನೆ ರೂಮು ಯಾವಾಗ ಖಾಲಿಯಾಗುತ್ತದೆ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದದ್ದು ನನಗೆ ಕೇಳಿಸಿತು. ಇನ್ನು ರುಚಿ ನೋಡಿಯೇ ಬಡಿಸುವುದು ಎಂದು ಆ ದಿನವೇ ನಾನು ನಿಶ್ಚಯ ಮಾಡಿದೆ.

ಅಡುಗೆ ಮಾಡುವಾಗ ಅವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವುದು ಹಳೆಯ ರೂಢಿ. ಚಾಟ್ಸ್‌ವುಡ್ಡಿನಲ್ಲಿ ಪೇಪರು ಓದುತ್ತ ಕೂರುತ್ತಿದ್ದರು, ಇಲ್ಲಿ ಸುಮ್ಮನೆ ಕೂರುತ್ತಿದ್ದರು. ಅವತ್ತೂ ಎದ್ದವರೇ "ಇವಳೇ" ಎಂದು ಕರೆದಿದ್ದರು, ಬಂದು ಕೂತಿದ್ದರು. ನಾನು ಈರುಳ್ಳಿ ಕೆಂಪಗೆ ಹುರಿದು, ಮಾಂಸದ ರಸ ಸೇರಿಸಿ, ಕುದಿ ಬಂದ ಮೇಲೆ ಸೌಟಿನಿಂದ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಕಣ್ಣು ಮುಚ್ಚಿ ನುಂಗಿದೆ. ನುಂಗಿದ ಮೇಲೆ ಅಡುಗೆಯವಳ ನಾಲಿಗೆ ತನ್ನ ಕೆಲಸ ಮಾಡಿತು: ಉಪ್ಪು ಸರಿ, ಹುಳಿ ಬೇಕು, ಚೂರು ಸಿಹಿ ಬೇಕು. ಒಂದು ಚಮಚ ವಿನೆಗರ್, ಚಿಟಿಕೆ ಸಕ್ಕರೆ. ಮತ್ತೆ ಅಂಗೈ, ಮತ್ತೆ ನಾಲಿಗೆ. ಮೂರನೆಯ ಸಲಕ್ಕೆ ಹಿಡಿತ ಸಿಕ್ಕಿತು. ಇಂಗ್ಲಿಷರನ್ನು ಆಡಿಕೊಂಡದ್ದು ತಪ್ಪು, ಚೆನ್ನಾಗಿಯೇ ಇದೆ ಎಂದು ಕೂಡ ಅನ್ನಿಸಿಬಿಟ್ಟಿತು.

ತಲೆಯೆತ್ತಿದಾಗ ಅವರು ನನ್ನನ್ನೇ ನೋಡುತ್ತಿದ್ದರು. ನಕ್ಕೆ. ಅವರು ಕುರ್ಚಿಯಿಂದ ಎದ್ದು ನಿಂತು, ಪರರ ಮನೆಯ ಹೆಂಗಸಿನೆದುರು ನಿಲ್ಲುವ ಹಾಗೆ ಅಂಗಿಯ ಗುಂಡಿ ಹಾಕಿಕೊಂಡರು.

ತಟ್ಟೆ ಪೂರ್ತಿ ಖಾಲಿ ಮಾಡಿದರು. ಪುಡ್ಡಿಂಗಿನ ತುಂಡಿನಿಂದ ಗ್ರೇವಿಯನ್ನು ಒರೆಸಿ ಒರೆಸಿ ತಿಂದರು. ನನಗೆ ಕಣ್ಣಲ್ಲಿ ನೀರು ಬಂತು, ಯಾವ ದೇವರೂ ನನ್ನ ನೈವೇದ್ಯವನ್ನು ಹಾಗೆ ತಿಂದು ತೋರಿಸಿರಲಿಲ್ಲ. ಆಮೇಲೆ ಫೋರ್ಕು ಚಾಕುಗಳನ್ನು ಜೋಡಿಸಿಟ್ಟು, ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ನನಗೆ ಹೇಳಿದರು: "ನಾನು ಇದನ್ನು ತಿಂದೆ ಎಂದು ದಯವಿಟ್ಟು ನನ್ನ ಹೆಂಡತಿಗೆ ಹೇಳಬೇಡಿ. ಅವಳು ಮೊಟ್ಟೆಯನ್ನೂ ಬಾಯಿಗಿಡುವವಳಲ್ಲ. ಇಷ್ಟರಲ್ಲೇ ಬರುತ್ತಾಳೆ."

"ನಾನೇ ಅಲ್ವೇನ್ರೀ ಅವಳು," ಎಂದೆ ಕನ್ನಡದಲ್ಲಿ.

ಅವರು ನನ್ನ ಅಂಗೈ ನೋಡಿದರು. ಅಲ್ಲಿ ಗ್ರೇವಿ ಇನ್ನೂ ಅಂಟಿತ್ತು. ತಿಳಿಯದವರ ಮಾತಿಗೆ ನಗುವ ಹಾಗೆ ನಕ್ಕು, ತಲೆ ಅಲ್ಲಾಡಿಸಿದರು.

ಮರುದಿನ ತಲೆಗೆ ಸ್ನಾನ ಮಾಡಿ, ಅವರೇ ತೆಗೆದುಕೊಟ್ಟ ರೇಷ್ಮೆ ಸೀರೆ ಉಟ್ಟು ಎದುರಿಗೆ ನಿಂತೆ. ಗುಡ್ ಮಾರ್ನಿಂಗ್ ಎಂದರು. ಇವಳೇ ಎನ್ನಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ರುಚಿ ನೋಡುವುದನ್ನು ಬಿಟ್ಟೆ, ಕೈಗೆ ಈಗ ಅಳತೆ ಸಿಕ್ಕಿತ್ತಲ್ಲ. ಅದರಿಂದಲೂ ಏನೂ ಆಗಲಿಲ್ಲ. ಮೊಟ್ಟೆಯನ್ನೂ ಬಾಯಿಗಿಡದವಳು, ಅವರೊಳಗೆ ನನ್ನನ್ನು ಹಿಡಿದಿಟ್ಟಿದ್ದ ಗುರುತು ಅದೊಂದೇ ಇತ್ತೋ ಏನೋ. ಕಾಯಿಲೆ ಹೇಗೂ ಅಳಿಸುತ್ತಿತ್ತು ಎಂದು ಮಗಳು ಸಮಾಧಾನ ಹೇಳುತ್ತಾಳೆ. ಇರಬಹುದು. ಆದರೆ ಆವತ್ತು ನನ್ನ ಕಣ್ಣೆದುರಿಗೇ ಅಳಿಸಿತು.

ತೂಕ ಏರಿತು. ಡಾಕ್ಟರು ಮೆಚ್ಚಿದರು, ಮಗಳು ವೆರಿಬೀಯ ಮಾತು ಎತ್ತುತ್ತಿಲ್ಲ. ಸಿಡ್ನಿಯ ಹಳೆಯ ಗೆಳತಿ ಫೋನು ಮಾಡಿ, "ಮನೇಲೇ ಇಟ್ಕೊಂಡ್ಯಲ್ಲ, ಪುಣ್ಯ ಮಾಡಿದೀಯ," ಎಂದಳು. ಹೂಂ ಎಂದೆ. ಗೆದ್ದವಳು ನಾನೇ, ಯಾರನ್ನು ಬೇಕಾದರೂ ಕೇಳಿ. ಈಗ ಮನೆಯಲ್ಲಿ ಒಬ್ಬ ಮರ್ಯಾದಸ್ಥ ಬಾಡಿಗೆದಾರರಿದ್ದಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ.

ಕಳೆದ ವಾರ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, ಅವಳು ಬಂದ ಮೇಲೆ ನನಗೆ ಇದೆಲ್ಲ ಬೇಡ, ಅವಳು ಮಾಡುವ ಸಾರು ಸಾಕು ಎಂದರು. ನನಗೆ ಎಲ್ಲಿಲ್ಲದ ಆಸೆ ಹುಟ್ಟಿತು. ಮರುದಿನ ಬೆಳಿಗ್ಗೆಯೇ ಹೊಸದಾಗಿ ಸಾರಿನ ಪುಡಿ ಹುರಿದೆ. ಬೇಳೆಯ ಕಟ್ಟು ಬಸಿದು, ಟೊಮೆಟೊ ಕಿವುಚಿ, ಕೊನೆಗೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು. ಬಿಸಿ ಅನ್ನದ ಮೇಲೆ ಸುರಿದು ಅವರ ಮುಂದಿಟ್ಟೆ.

ಅವರು ಬಗ್ಗಿ ವಾಸನೆ ಎಳೆದುಕೊಂಡರು. ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಕನ್ನಡದಲ್ಲಿ, "ಬಂದ್ಲಾ?" ಎಂದರು.

"ಬಂದಿದೀನಿ," ಎಂದೆ.

ಅವರು ನನ್ನನ್ನು ದಾಟಿ ಬಾಗಿಲ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ತಟ್ಟೆಯನ್ನು ಮುಟ್ಟಲಿಲ್ಲ, ಅವಳು ಬರಲಿ, ಜೊತೆಯಲ್ಲಿ ಉಣ್ಣುತ್ತೇನೆ ಎಂದು ಕೈ ಕಟ್ಟಿ ಕೂತರು. ಸಾರು ಆರಿತು. ಅವರಿಗೆ ಹಸಿವಾಗುತ್ತಿತ್ತು. ನಾನು ತಟ್ಟೆ ಎತ್ತಿಕೊಂಡು ಹೋಗಿ ಗ್ರೇವಿ ಬಿಸಿ ಮಾಡಿ ತಂದೆ.